25 ಸಾವಿರದೊಳಗೆ ಹಳೆ ಅವೆಂಜರ್ ಬಾಬರ್ ಆಗುತ್ತದಾ?

ಕಟಪಾಡಿ ಒಂಟಿಸೀಟು (ನವೆಂಬರ್)

ಎಲ್ಲರಿಗೂ ನಮಸ್ಕಾರ. ಪಕ್ಕದ ಮನೆಯ ಅಣ್ಣ ಗಲ್ಫಿಗೆ ಹೋಗುವಾಗ ಅವರ 2006ರ ಅವೆಂಜರ್ 180 ಬೈಕನ್ನು ನನಗೆ 16 ಸಾವಿರಕ್ಕೆ ಕೊಟ್ಟು ಹೋದರು. ಕೆಎ-20 ನಂಬರ್. ಹದಿನೈದು ವರ್ಷ ಆದಾಗ ಅವರೇ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ್ದಾರೆ, ಆರ್‌ಸಿ 2026ರ ಸೆಪ್ಟೆಂಬರ್‌ವರೆಗೆ ಉಂಟು. ಗಾಡಿ ಎರಡು ಮಳೆಗಾಲ ಹಟ್ಟಿಯ ಪಕ್ಕದಲ್ಲಿ ನಿಂತಿತ್ತು. ಮೇಲಿನಿಂದ ತೆಂಗಿನ ಮಡಲು ಬಿದ್ದು ಹೆಡ್‌ಲೈಟಿನ ರಿಂಗ್ ನೆಗ್ಗಿದೆ. ಟ್ಯಾಂಕಿನೊಳಗೆ ತುಕ್ಕು. ಹಿಂದಿನ ಟಯರ್ ಕಲ್ಲಿನ ಹಾಗೆ ಗಟ್ಟಿ.

ನನಗೆ ಇದನ್ನು ಬಾಬರ್ ಮಾಡಬೇಕು. ಒಂಟಿ ಸೀಟು, ಗಿಡ್ಡ ಮಡ್‌ಗಾರ್ಡ್, ಚಪ್ಪಟೆ ಹ್ಯಾಂಡಲ್, ಮ್ಯಾಟ್ ಕಪ್ಪು ಬಣ್ಣ. ಕಂಪನಿಯಿಂದಲೇ ಬರುವ ಜಾವಾ ಪೆರಾಕ್ 2019ರಲ್ಲಿ ಬಂದಾಗಲೇ 2 ಲಕ್ಷದ ಹತ್ತಿರ ಇತ್ತು. ನನ್ನ ಕೈಯಲ್ಲಿ ಇರುವುದು 25 ಸಾವಿರ. ಗ್ರೈಂಡರ್ ತಂದು ಹಿಂದಿನ ಚಾಸಿಯನ್ನು ಶಾಕ್‌ಅಬ್ ಹತ್ತಿರ ಕತ್ತರಿಸುವ ಯೋಚನೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಪುತ್ತೂರು ಪಲ್ಸರ್

ಕತ್ತರಿಸು ಮಾರಾಯ, ಎಂತ ಆಲೋಚನೆ. ಎಫ್‌ಸಿ ಹೇಗೂ ಆಗಿದೆಯಲ್ಲ.

ಬೈಕಂಪಾಡಿ ಲೇತ್

ಗ್ರೈಂಡರ್ ಕೆಳಗಿಡಿ ತಮ್ಮ. ಮೊದಲು ಒಂದು ವಿಷಯ ಕೇಳಿ.

ನಿಮಗೆ ಬೇಕಾದದ್ದರಲ್ಲಿ ಅರ್ಧ ಆ ಗಾಡಿಯಲ್ಲಿ ಈಗಾಗಲೇ ಉಂಟು. ಬಾಬರ್ ಮಾಡುವವರಿಗೆ ದೊಡ್ಡ ಖರ್ಚು ಹಿಂದಿನ ದಪ್ಪ ಚಕ್ರ. ಸ್ಪ್ಲೆಂಡರಿಗೋ ಬುಲೆಟ್ಟಿಗೋ ದಪ್ಪ ಟಯರ್ ಹಾಕಬೇಕಾದರೆ ಅಗಲ ರಿಮ್ ಬೇಕು, ಸ್ಪೋಕ್ ಹೊಸದಾಗಿ ಕಟ್ಟಿಸಬೇಕು, ಆಮೇಲೆ ಟಯರ್ ಚೈನಿಗೆ ಉಜ್ಜುತ್ತದೆ, ಸ್ಪ್ರಾಕೆಟ್ ಹೊರಗೆ ತರಲು ನನ್ನಂಥವರ ಹತ್ತಿರ ಬರಬೇಕು. ಅವೆಂಜರಿಗೆ ಕಂಪನಿಯೇ 15 ಇಂಚಿನ ಚಕ್ರಕ್ಕೆ 130ರ ಟಯರ್ ಕೊಟ್ಟಿದೆ. ಗಾಡಿ ಮೊದಲೇ ಉದ್ದ, ಮೊದಲೇ ತಗ್ಗು. ಇಂಜಿನ್ ಪಲ್ಸರ್ 180ರದ್ದು, ಸಾಮಾನು ಎಲ್ಲಾ ಕಡೆ ಸಿಗುತ್ತದೆ. ಇದಕ್ಕೆ ಬೇಕಾದದ್ದು ಬರೀ ಬಿಚ್ಚುವ ಕೆಲಸ. ಕತ್ತರಿಸುವ ಕೆಲಸ ಎಂತಕ್ಕೆ?

ಅರುವತ್ತರ ಸವಾರ

ಲೇತಿನವರು ಹೇಳಿದ್ದು ಸರಿ. ಬಾಬರ್ ಎಂಬುದು ಹುಟ್ಟಿದ್ದೇ ಹಾಗೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕದ ಹುಡುಗರು ಭಾರದ ಗಾಡಿ ತೆಗೆದುಕೊಂಡು, ವೇಗಕ್ಕೆ ಬೇಡದ್ದನ್ನೆಲ್ಲ ಬಿಚ್ಚಿದರು. ಮುಂದಿನ ಮಡ್‌ಗಾರ್ಡ್ ಹೋಯಿತು, ಹಿಂದಿನದ್ದು ಅರ್ಧ ಆಯಿತು. ನಮ್ಮ ಕಾಲದ ಹುಡುಗಿಯರ ಬಾಬ್ ಕಟ್ ಇತ್ತಲ್ಲ, ಅದೇ ಬಾಬ್. ಚಾಸಿ ಕೊಯ್ದು, ಮುಂದಿನ ಫೋರ್ಕ್ ಉದ್ದ ಮಾಡಿ, ಮೂಗು ಮುಂದಕ್ಕೆ ಚಾಚಿದ ಗಾಡಿಗೆ ಚಾಪರ್ ಎನ್ನುತ್ತಾರೆ. ಅದು ಆಮೇಲೆ ಬಂದ ಫ್ಯಾಶನ್. ಎರಡನ್ನೂ ಕಲಸಬೇಡಿ.

ನಮ್ಮ ಊರಿನಲ್ಲಿ ಒಂಟಿ ಸೀಟು ಹೊಸತೇನೂ ಅಲ್ಲ. ಹಳೆ ಬುಲೆಟ್‌ಗಳಲ್ಲಿ ಸ್ಪ್ರಿಂಗಿನ ಒಂಟಿ ಸೀಟೇ ಇರುತ್ತಿತ್ತು. ಹಿಂದೆ ಬೇಕಾದವರು ಬೇರೆ ಸೀಟು ಹಾಕಿಸುತ್ತಿದ್ದರು. ಅದರಲ್ಲೇ ಮೀನಿನ ಬುಟ್ಟಿ ಕಟ್ಟಿಕೊಂಡು ಹೋಗುವವರಿದ್ದರು. ಅವರನ್ನು ಯಾರೂ ಬಾಬರ್ ಎಂದು ಕರೆಯಲಿಲ್ಲ ಪಾಪ.

ಆರ್‌ಸಿ ಓದುವವ

ಪುತ್ತೂರಿನವರಿಗೆ: ಎಫ್‌ಸಿ ಆಯಿತು, ಇನ್ನು ಕತ್ತರಿಸಬಹುದು ಎಂಬುದು ಪೂರ್ತಿ ತಪ್ಪು ಲೆಕ್ಕ. ನಾನು ಇನ್ಶೂರೆನ್ಸ್ ಕ್ಲೇಮಿನ ಕಾಗದಗಳ ನಡುವೆ ಬದುಕುವವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದು, ಕಂಪನಿ ಮಾಡಿದ್ದು, ಎರಡೂ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. 182ಎ(4) ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೊಂದಕ್ಕೂ ಎಂಬ ಮಾತನ್ನು ಗಮನಿಸಿ. ಬೊಬ್ಬೆ ಹೊಡೆಯುವ ಸೈಲೆನ್ಸರಿಗೆ ಬೇರೆಯೇ ಸೆಕ್ಷನ್ ಉಂಟು.

ಚಾಸಿ ಕೊಯ್ದರೆ ಅದು ಗಾಡಿಯ ಮೂಲ ರಚನೆಯನ್ನೇ ಮುಟ್ಟಿದ ಹಾಗೆ. ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿಯವರು ಮೊದಲು ನೋಡುವುದೇ ಅದನ್ನು. ಬಣ್ಣ ಬದಲಾದರೆ ಆರ್‌ಸಿಯಲ್ಲಿ ಬರೆಸಿ. ನಂಬರ್ ಪ್ಲೇಟನ್ನು ಚಕ್ರದ ಪಕ್ಕದಲ್ಲಿ ಅಡ್ಡ ನೇತಾಡಿಸಬೇಡಿ. ಒಂಟಿ ಸೀಟಿಗೂ ತಲೆಬಿಸಿ ಉಂಟು, ಯಾಕೆಂದರೆ ಆರ್‌ಸಿಯಲ್ಲಿ ಸೀಟು ಎರಡು ಎಂದು ಇರುತ್ತದೆ. ಅದು ಸಲೀಸು ಎಂದು ನಾನು ಬರೆದು ಕೊಡುವುದಿಲ್ಲ. ಬೋಲ್ಟ್ ಬಿಚ್ಚಿ ಹತ್ತು ನಿಮಿಷದಲ್ಲಿ ಮೊದಲಿನ ಹಾಗೆ ಮಾಡಬಹುದಾದ್ದು ಬೇರೆ, ಕೊಯ್ದು ಬಿಸಾಡಿದ್ದು ಬೇರೆ. ಇಷ್ಟು ಮಾತ್ರ ಹೇಳಬಲ್ಲೆ.

ಇನ್ನೊಂದು. 2026ರಲ್ಲಿ ನಿಮ್ಮ ಗಾಡಿಗೆ 20 ವರ್ಷ ತುಂಬುತ್ತದೆ. ಬೈಕಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 1000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮದಲ್ಲಿ 20 ವರ್ಷ ದಾಟಿದ ಬೈಕಿಗೆ 2000. ಇದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಮಣಿಪಾಲ ಹಿಂದಿನಸೀಟು

ನನ್ನ ಹೆಸರೇ ಹೇಳುತ್ತದೆ ನಾನು ಯಾರ ಪರ ಎಂದು. ನಮ್ಮ ಮನೆಯವರು ಮೂರು ವರ್ಷದ ಹಿಂದೆ ಹೀಗೇ ಒಂಟಿ ಸೀಟು ಮಾಡಿಸಿದರು. ಈಗ ಮದುವೆ, ಮುಂಜಿ, ಕಾಯಿಪಲ್ಲೆ ಎಲ್ಲದಕ್ಕೂ ನನ್ನ ಸ್ಕೂಟರೇ. ಅವರ ಗಾಡಿ ಭಾನುವಾರ ಬೆಳಗ್ಗೆ ಒರೆಸಿ ಫೋಟೋ ತೆಗೆಯುವುದಕ್ಕೆ.

ತಮಾಷೆ ಬಿಡಿ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಸೀರೆ ಚಕ್ರಕ್ಕೆ ಸಿಗದ ಹಾಗೆ ಗಾರ್ಡ್ ಇರಬೇಕು ಎಂದು ಮೋಟಾರು ವಾಹನ ನಿಯಮ 123 ಹೇಳುತ್ತದೆ. ಗಾರ್ಡ್ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಬೇಕು. ಬಾಬರ್ ಮಾಡುವವರು ಮೊದಲು ಬಿಸಾಡುವುದೇ ಆ ಗಾರ್ಡನ್ನು. ನಿಮ್ಮ ಮನೆಯಲ್ಲಿ ಅಮ್ಮ ಇದ್ದಾರಾ? ಅವರನ್ನು ಕೇಳಿ ಮುಂದುವರಿಯಿರಿ.

ಕಟಪಾಡಿ ಒಂಟಿಸೀಟು

ಅಮ್ಮನನ್ನು ಕೇಳಿದೆ. "ನೀನು ಎಂತ ಬೇಕಾದರೂ ಮಾಡು, ಕಾಪುವಿಗೆ ಪೂಜೆಗೆ ಹೋಗುವಾಗ ನನಗೆ ಸೀಟು ಬೇಕು" ಎಂದರು.

ಹಾಗಾದರೆ ಒಂದು ತೀರ್ಮಾನ. ನನ್ನ ಗಾಡಿಯದ್ದು ಒಂದೂ ಕತ್ತರಿಸುವುದಿಲ್ಲ. ಬಿಚ್ಚಿದ್ದೆಲ್ಲ ಅಟ್ಟಕ್ಕೆ. ಆದರೆ ಮಡ್‌ಗಾರ್ಡ್ ಕತ್ತರಿಸದೆ ಗಿಡ್ಡ ಮಾಡುವುದು ಹೇಗೆ?

ಬೈಕಂಪಾಡಿ ಲೇತ್

ಗುಜರಿಯಿಂದ ಇನ್ನೊಂದು ತನ್ನಿ. ಅದನ್ನು ಕತ್ತರಿಸಿ. ನಿಮ್ಮದು ಹಾಗೇ ಇರಲಿ.

ಗಿಡ್ಡ ಮಡ್‌ಗಾರ್ಡನ್ನು ಎಲ್ಲಿಗೆ ಕಟ್ಟುತ್ತೀರಿ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಎರಡು ದಾರಿ. ಒಂದು, ಸ್ವಿಂಗ್‌ಆರ್ಮಿಗೆ, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳಿಗೆ ಕಟ್ಟುವುದು. ಆಗ ಚಕ್ರ ಮೇಲೆ ಕೆಳಗೆ ಆಡುವಾಗ ಮಡ್‌ಗಾರ್ಡೂ ಜೊತೆಗೇ ಆಡುತ್ತದೆ. ಟಯರಿಗೆ ಬೆರಳಷ್ಟೇ ಅಂತರ ಬಿಟ್ಟು ಕೂರಿಸಬಹುದು, ನೋಡಲು ಭಾರಿ ಚಂದ. ಆದರೆ ಶಾಕ್‌ಅಬ್ ತಡೆಯುವ ಏಟೆಲ್ಲ ಈ ಮಡ್‌ಗಾರ್ಡಿಗೆ ಸೀದಾ ಬೀಳುತ್ತದೆ. ನಮ್ಮ ಹೊಂಡಗಳಿಗೆ ಅದರ ಕಾಲು ಬಿರುಕು ಬಿಡುವುದು ಬೇಗ. ಎರಡು, ಚಾಸಿಗೆ ಕಟ್ಟುವುದು. ಇದು ಗಟ್ಟಿ. ಆದರೆ ಚಕ್ರ ಮೇಲೆ ಬರುವಾಗ ತಾಗದ ಹಾಗೆ ಅಂತರ ಬಿಡಬೇಕು, ಆಗ ನಡುವೆ ಆಕಾಶ ಕಾಣುತ್ತದೆ. ಫೋಟೋದಲ್ಲಿ ನೋಡಿದ ಹಾಗೆ ಕಾಣುವುದಿಲ್ಲ.

ಯಾವುದೇ ಮಾಡಿ, ಅಂದಾಜಿಗೆ ಮಾಡಬೇಡಿ. ಎರಡೂ ಶಾಕ್‌ಅಬ್ ಬಿಚ್ಚಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೇಲಕ್ಕೆತ್ತಿ, ಶಾಕ್‌ಅಬ್ ಪೂರ್ತಿ ಒತ್ತಿದಾಗ ಎಲ್ಲಿಗೆ ಬರುತ್ತದೋ ಅಲ್ಲಿಗೆ ತಂದು ನೋಡಿ. ಸೀಟಿನ ತಳಕ್ಕೆ, ವಯರಿಗೆ, ನಂಬರ್ ಪ್ಲೇಟಿನ ಬೋಲ್ಟಿಗೆ ಎಲ್ಲಿ ತಾಗುತ್ತದೆ ಎಂದು ಆಗ ಗೊತ್ತಾಗುತ್ತದೆ. ಸ್ಟಾಂಡ್ ಹಾಕಿ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ.

ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಬಿಚ್ಚಿ, ಸಿಡಿಐಯ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬ) ವಯರಿನ ಕಪ್ಲರ್ ತೆಗೆಯಿರಿ, ಟ್ಯಾಂಕ್ ಇಳಿಸಿ ದೂರ ಇಡಿ. ಆಗುವುದಾದರೆ ಮಡ್‌ಗಾರ್ಡನ್ನೂ ಬಿಚ್ಚಿ ನೆಲದ ಮೇಲಿಟ್ಟೇ ವೆಲ್ಡ್ ಮಾಡಿ.

ಪುತ್ತೂರು ಪಲ್ಸರ್

ಹಿಂದಿನ ಶಾಕ್‌ಅಬ್ ತೆಗೆದು ಕಬ್ಬಿಣದ ರಾಡ್ ಹಾಕಿದರೆ ಹಾರ್ಡ್‌ಟೇಲ್ (ಹಿಂದೆ ಶಾಕ್‌ಅಬ್ ಇಲ್ಲದ ಗಾಡಿ) ಆಗುತ್ತದಲ್ಲ, ಖರ್ಚೂ ಇಲ್ಲ.

ಅರುವತ್ತರ ಸವಾರ

ಆಗುತ್ತದೆ. ಆಮೇಲೆ ಮೂಳೆ ಡಾಕ್ಟರ ಖರ್ಚು.

ಮಲ್ಪೆ ಫೈಬರ್

ಸೀಟಿನ ತಳಕ್ಕೆ ತಗಡು ಹಾಕಬೇಡಿ ಮಾರಾಯ್ರೆ. ಕಡಲ ಗಾಳಿಗೆ ಎರಡೇ ವರ್ಷ. ನಾನು ದೋಣಿಗೆ ಫೈಬರ್ ಹಾಕುವ ಕೆಲಸದವ, ಹೇಳಿಕೊಡುತ್ತೇನೆ.

ಸೀಟು ಬರುವ ಜಾಗದ ಚಾಸಿಗೆ, ಟ್ಯಾಂಕಿನ ಹಿಂಬದಿಗೆ ಪ್ಲಾಸ್ಟಿಕ್ ಶೀಟ್ ಸುತ್ತಿ ಟೇಪ್ ಹಾಕಿ. ಅದರ ಮೇಲೆ ರಟ್ಟಿನಲ್ಲಿ ಬೇಕಾದ ಆಕಾರ ಮಾಡಿಕೊಳ್ಳಿ. ಅದರ ಮೇಲೆಯೇ ಫೈಬರ್ ಮ್ಯಾಟ್ ಇಟ್ಟು ರೆಸಿನ್ ಬಳಿಯಿರಿ. ಮೂರು ಪದರ ಸಾಕು, ಬೋಲ್ಟ್ ಬರುವಲ್ಲಿ ಐದು. ಬ್ರಷ್ಷಿನಲ್ಲಿ ಕುಟ್ಟಿ ಕುಟ್ಟಿ ಗಾಳಿಗುಳ್ಳೆ ತೆಗೆಯಬೇಕು, ಎಳೆದು ಬಳಿಯಬಾರದು. ರೆಸಿನ್ ಗಟ್ಟಿಯಾಗಲು ಸೇರಿಸುವ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಡಬ್ಬದಲ್ಲೇ ಬಿಸಿಯಾಗಿ ಹೊಗೆ ಬರುತ್ತದೆ, ಕಡಿಮೆ ಹಾಕಿದರೆ ಮರುದಿನವೂ ಅಂಟು. ಬೆಳಗ್ಗೆ ಬಿಸಿಲು ಏರುವ ಮೊದಲು ಮಾಡಿ. ಪೂರ್ತಿ ಗಟ್ಟಿಯಾದ ಮೇಲೆ ತೆಗೆದರೆ ನಿಮ್ಮ ಚಾಸಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಉಜ್ಜುವಾಗ ಮಾಸ್ಕ್ ಬೇಕೇ ಬೇಕು. ತೋಳು ಮುಚ್ಚಿಕೊಳ್ಳಿ, ಇಲ್ಲದಿದ್ದರೆ ರಾತ್ರಿ ಇಡೀ ತುರಿಕೆ.

ಬೋಲ್ಟಿನ ಅಡಿಗೆ ಅಗಲ ವಾಷರ್. ಫೈಬರ್ ಬಿರುಕು ಬಿಡುವುದು ಯಾವಾಗಲೂ ತೂತಿನಿಂದ.

ಕಟಪಾಡಿ ಒಂಟಿಸೀಟು

ಅಣ್ಣ, ಒಂದು ಭಾನುವಾರ ಬರಬಹುದಾ ನಿಮ್ಮಲ್ಲಿಗೆ?

ಮಲ್ಪೆ ಫೈಬರ್

ಬನ್ನಿ. ಮ್ಯಾಟಿನ ತುಂಡುಗಳು ಇಲ್ಲಿ ರಾಶಿ ಬಿದ್ದಿರುತ್ತವೆ. ಬರುವಾಗ ಗೋಳಿಬಜೆ ತಂದರೆ ಆಯಿತು.

ಕುಡ್ಲದ ಕಾರ್ಬೊರೇಟರ್

ತಡವಾಗಿ ಬಂದೆ. ನನ್ನ ವಿಷಯ ಒಂದೇ. ಏರ್ ಫಿಲ್ಟರ್ ಡಬ್ಬ ತೆಗೆಯಬೇಡಿ. ಎಲ್ಲರಿಗೂ ಆ ಬದಿಯಲ್ಲಿ ಖಾಲಿ ಜಾಗ ಕಾಣಬೇಕು, ಕಾರ್ಬೊರೇಟರಿನ ಮೂಗಿಗೆ ಸಣ್ಣ ಕೋನ್ ಫಿಲ್ಟರ್ ಸಿಕ್ಕಿಸಬೇಕು ಎಂದು ಆಸೆ. ಆಗುವುದು ಎಂತ ಎಂದರೆ ಗಾಳಿ ಜಾಸ್ತಿ ಬರುತ್ತದೆ, ಪೆಟ್ರೋಲ್ ಅಷ್ಟೇ ಇರುತ್ತದೆ. ಇಂಜಿನ್ ಬಿಸಿಯಾಗುತ್ತದೆ, ಎಕ್ಸಲೇಟರ್ ಬಿಡುವಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು. ಹುಡುಗರು ಅದನ್ನೇ ಪವರ್ ಎಂದುಕೊಳ್ಳುತ್ತಾರೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಮೈನ್ ಜೆಟ್ ದೊಡ್ಡದು ಹಾಕಿ, ಅದರ ಸೂಜಿ ಎತ್ತಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ನೋಡಿ ಸರಿ ಮಾಡಬೇಕು. ಅದೆಲ್ಲ ಆಗಿ ಗಾಡಿ ಹದಕ್ಕೆ ಬಂತು ಎನ್ನುವಾಗ ಮಳೆ ಶುರು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುತ್ತದೆ. ತೆರೆದ ಫಿಲ್ಟರ್ ಒದ್ದೆ ಆಯಿತೆಂದರೆ ಪಂಪ್‌ವೆಲ್ ಸರ್ಕಲ್ಲಿನ ನಡುವೆ ತಳ್ಳಿಕೊಂಡು ಹೋಗಬೇಕು. ಹೋಗಿದ್ದೇನೆ.

ಸೈಲೆನ್ಸರಿಗೆ ಬಿಳಿ ಬ್ಯಾಂಡೇಜ್ ಸುತ್ತುತ್ತಾರಲ್ಲ, ಅದೂ ಬೇಡ. ಒಣ ಊರಿಗೆ ಅದು ಸರಿ. ಇಲ್ಲಿ ಉಪ್ಪುಗಾಳಿಯ ತೇವ ಒಳಗೆ ಕೂತು, ಪೈಪು ಒಳಗಿಂದೊಳಗೆ ತುಕ್ಕು ತಿಂದು ಹೋಗುತ್ತದೆ. ಬಿಚ್ಚಿ ನೋಡುವವರೆಗೆ ಗೊತ್ತೇ ಆಗುವುದಿಲ್ಲ.

ಕುಂದಾಪ್ರದವ

ನಡುವೆ ಒಂದು ಪ್ರಶ್ನೆ. ನಮ್ಮ ಅಜ್ಜಯ್ಯನ 1975ರ ಯೆಜ್ಡಿ ಮನೆಯಲ್ಲಿ ಉಂಟು. ಅದನ್ನು ಬಾಬರ್ ಮಾಡಿದರೆ ಹೇಗೆ?

ಅರುವತ್ತರ ಸವಾರ

ಅಯ್ಯೋ ಬೇಡ, ಕೈ ಮುಗಿಯುತ್ತೇನೆ. ಅದು ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಇನ್ನು ಅದು ಹುಟ್ಟುವುದಿಲ್ಲ.

ಆರ್‌ಸಿ ಓದುವವ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ 2021ರಿಂದ ಉಂಟು. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲದ ಹಾಗೇ ಇರಬೇಕು. ನಿಮ್ಮದಕ್ಕೆ ವಯಸ್ಸು ಆಗಿದೆ. ಒಂದು ಸಲ ಕತ್ತರಿಸಿದರೆ ಆ ಬಾಗಿಲು ಮುಚ್ಚಿತು.

ಕುಂದಾಪ್ರದವ

ಸರಿ ಸರಿ. ಮತ್ತೆ ಗೋಣಿ ಮುಚ್ಚಿ ಇಟ್ಟೆ.

ಅರುವತ್ತರ ಸವಾರ

ಗೋಣಿ ಬೇಡ, ತೇವ ಹಿಡಿಯುತ್ತದೆ. ಹಳೆ ಬೆಡ್‌ಶೀಟ್ ಹಾಕಿ.

ಕಟಪಾಡಿ ಒಂಟಿಸೀಟು (ಡಿಸೆಂಬರ್)

ಈವರೆಗೆ ಆದದ್ದು ಹೇಳುತ್ತೇನೆ.

ಟ್ಯಾಂಕ್: ಒಳಗೆ ಒಂದು ಹಿಡಿ ನಟ್ಟು, ಎರಡು ಲೀಟರ್ ವಿನೆಗರ್ ಹಾಕಿ, ಹಳೆ ಕಂಬಳಿಯಲ್ಲಿ ಸುತ್ತಿ, ನಾನೂ ತಂಗಿಯೂ ಮಗುವನ್ನು ತೂಗಿದ ಹಾಗೆ ಅರ್ಧ ಗಂಟೆ ಕುಲುಕಿದೆವು. ಎರಡು ದಿನ ಹಾಗೇ ಇಟ್ಟು ಚೆಲ್ಲಿದಾಗ ಚಾ ಕಷಾಯದ ಬಣ್ಣದ ನೀರು ಬಂತು. ಆಮೇಲೆ ಸೋಡಾಪುಡಿ ನೀರು, ಆಮೇಲೆ ಬರೀ ನೀರು, ಕೊನೆಗೆ ಸ್ವಲ್ಪ ಪೆಟ್ರೋಲ್. ನಟ್ಟು ಹಾಕಿದ್ದು ಇಪ್ಪತ್ತು, ತೆಗೆದದ್ದು ಹತ್ತೊಂಬತ್ತು. ಆ ಒಂದಕ್ಕಾಗಿ ಒಂದು ಸಂಜೆ ಹೋಯಿತು. ಎಣಿಸಿ ಹಾಕಿದ್ದು ಒಳ್ಳೆಯದಾಯಿತು.

ಹ್ಯಾಂಡಲಿನ ಕ್ಲಾಂಪು, ಸ್ಪೋಕಿನ ತುದಿ ಎಲ್ಲ ಕೆಂಪು ಹಿಡಿದಿತ್ತು. ಅಮ್ಮ ದೀಪ ತಿಕ್ಕಲು ಇಟ್ಟ ಹುಳಿ ಕಾಯಿ, ಬಿಂಬುಳಿ ಕಣ್ಣಿಗೆ ಬಿತ್ತು. ಸುಮ್ನೆ ಒಂದನ್ನು ಹಿಂಡಿ ಉಜ್ಜಿದೆ. ಮೇಲಿನ ತುಕ್ಕು ಹೋಗಿಯೇ ಬಿಟ್ಟಿತು! ಆಮೇಲೆ ಚೆನ್ನಾಗಿ ತೊಳೆದು ಎಣ್ಣೆ ಬಳಿದೆ. ಅಮ್ಮ ಈಗ ಬಿಂಬುಳಿ ಲೆಕ್ಕ ಇಡುತ್ತಿದ್ದಾರೆ.

ಸೀಟಿನ ತಳ ಮಲ್ಪೆಯಲ್ಲಿ ಆಯಿತು. ಹೇಳಿದ ಹಾಗೇ ಅಳತೆಗೆ ಕೂತಿದೆ. ಮೂಗಿನ ಹತ್ತಿರ ಒಂದು ಬುಷ್ ಹಾಕಿ ಕೀಲು, ಹಿಂದೆ ಹಳೆ ಬುಲೆಟ್ ಸೀಟಿನ ಎರಡು ಸ್ಪ್ರಿಂಗ್. ಸ್ಪ್ರಿಂಗ್ ಬಂದರಿನ ಗುಜರಿಯಲ್ಲಿ ಸಿಕ್ಕಿತು. ಕುಶನ್ ಅಂಗಡಿಯವರು ಕಂದು ರೆಕ್ಸಿನ್ ಹಾಕಿ ಹೊಲಿದರು. ಚರ್ಮ ಬೇಕು ಎಂದೆ. ಅವರು ನಗಾಡಿ, ಮಳೆಗಾಲದ ಆಟಿ ತಿಂಗಳಲ್ಲಿ ಬೂಷ್ಟು ಹಿಡಿದ ಚಪ್ಪಲಿ ನೋಡಿದ್ದೀರಾ ಎಂದು ಕೇಳಿದರು.

ಕಟ್ಟುವ ಬೋಲ್ಟೆಲ್ಲ ಹಳೆ ಸೀಟಿನ ತೂತಿಗೇ ಬಂದಿದೆ. ಚಾಸಿಗೆ ಒಂದೂ ಹೊಸ ತೂತು ಹೊಡೆದಿಲ್ಲ.

ಮಣಿಪಾಲ ಹಿಂದಿನಸೀಟು

ಅಮ್ಮನ ಸೀಟು ಎಲ್ಲಿ?

ಕಟಪಾಡಿ ಒಂಟಿಸೀಟು

ಅಟ್ಟದಲ್ಲಿ, ಪೇಪರ್ ಸುತ್ತಿ.

ಕಟಪಾಡಿ ಒಂಟಿಸೀಟು (ಫೆಬ್ರವರಿ)

ಇವತ್ತು ಬರೆಯಲು ಸ್ವಲ್ಪ ನಾಚಿಕೆ. ಲೇತಿನ ಅಣ್ಣ ಹೇಳಿದ್ದನ್ನು ಅರ್ಧ ಮಾತ್ರ ಕೇಳಿದ ಕಥೆ.

ಮಡ್‌ಗಾರ್ಡನ್ನು ಸ್ವಿಂಗ್‌ಆರ್ಮಿಗೇ ಕಟ್ಟಿಸಿದೆ. ಚಂದಕ್ಕೆ ಸೋತೆ. ಗುಜರಿಯಲ್ಲಿ 250 ರೂಪಾಯಿಗೆ ಇದೇ ಗಾಡಿಯ ಹಿಂದಿನ ಮಡ್‌ಗಾರ್ಡ್ ಸಿಕ್ಕಿತ್ತು, ಅದನ್ನು ಅರ್ಧಕ್ಕೆ ಕತ್ತರಿಸಿದ್ದು. ವೆಲ್ಡಿಂಗ್‌ನವರು 3 ಮಿಲಿಮೀಟರಿನ ಪಟ್ಟಿ ಬಗ್ಗಿಸಿ ಕಾಲು ಮಾಡಿಕೊಟ್ಟರು. ನೋಡಲು ಲಾಯ್ಕ ಇತ್ತು.

ಮೊನ್ನೆ ಸಂಜೆ ಪಡುಬಿದ್ರೆಯಿಂದ ಹೆದ್ದಾರಿಯಲ್ಲಿ ಬರುವಾಗ ಮೊದಲು ಸಣ್ಣ ಝರ್ ಎಂಬ ಸದ್ದು. ಚೈನ್ ಇರಬೇಕು ಎಂದುಕೊಂಡೆ. ಆಮೇಲೆ ರಬ್ಬರ್ ಸುಟ್ಟ ವಾಸನೆ. ಬದಿಗೆ ತಂದು ನೋಡಿದರೆ ಎಡದ ಕಾಲು ಪೂರ್ತಿ ತುಂಡಾಗಿದೆ. ಮಡ್‌ಗಾರ್ಡ್ ಟಯರಿನ ಮೇಲೆ ಕೂತು ಉಜ್ಜುತ್ತಿತ್ತು. ಟಯರಿನಲ್ಲಿ ಒಂದು ನುಣ್ಣನೆ ಗೆರೆ. ಬಲದ್ದೂ ಹೋಗಿದ್ದರೆ ಚಕ್ರಕ್ಕೆ ಸುತ್ತಿಕೊಂಡು ನಾನು ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಬೊಂಡ (ಎಳನೀರು) ಮಾರುವ ಅಮ್ಮ ಹುರಿಹಗ್ಗ ಕೊಟ್ಟರು. ಮಡ್‌ಗಾರ್ಡನ್ನು ಸೀಟಿನ ಸ್ಪ್ರಿಂಗಿಗೆ ಎತ್ತಿ ಕಟ್ಟಿ, 20ರ ವೇಗದಲ್ಲಿ ಮನೆಗೆ ಬಂದೆ.

ತುಂಡಾದ ಜಾಗದ ಫೋಟೋ ಹಾಕಿದ್ದೇನೆ.

ಬೈಕಂಪಾಡಿ ಲೇತ್

ಬಚಾವಾದಿರಿ, ಸಾಕು.

ಫೋಟೋ ನೋಡಿದೆ. ಪಟ್ಟಿಯನ್ನು ಎಲ್ಲಿ ಬಗ್ಗಿಸಿದ್ದಾರೋ ಅಲ್ಲೇ ವೆಲ್ಡ್ ಮುಗಿದಿದೆ. ಬಗ್ಗಿದ ಜಾಗ ಮೊದಲೇ ದಣಿದಿರುತ್ತದೆ, ಅದರ ಅಂಚಿಗೆ ಬಿಸಿ ಕೊಟ್ಟರೆ ಮುಗಿಯಿತು. ತುಂಡಿನ ಮುಖದಲ್ಲಿ ಅರ್ಧ ಭಾಗ ಕಪ್ಪು, ಅರ್ಧ ಬೆಳ್ಳಿಯ ಹಾಗೆ ಹೊಳಪು ಕಾಣುತ್ತದಾ? ಕಪ್ಪು ಭಾಗ ಬಿರುಕು ಬಿಟ್ಟು ಎಷ್ಟೋ ದಿನ ಆಗಿದೆ. ಹೊಳಪಿನದ್ದು ಮೊನ್ನೆ ಸಂಜೆಯದ್ದು. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ನೋಡಿದ್ದರೆ ಕೂದಲಿನಂಥ ಗೆರೆ ಸಿಗುತ್ತಿತ್ತು.

ಈಗ ಚಾಸಿಗೆ ಕಟ್ಟಿ. ಮಡ್‌ಗಾರ್ಡ್ ಕೂರುತ್ತಿದ್ದ ಹಳೆ ಬೋಲ್ಟ್ ಜಾಗ ಮುಂದೆ ಎರಡು ಸಿಗುತ್ತದೆ. ಹಿಂದಿನ ಕಾಲಿಗೆ ಪಟ್ಟಿ ಬೇಡ, 12 ಮಿಲಿಮೀಟರಿನ ಗಟ್ಟಿ ರಾಡು. ತುದಿಯಲ್ಲಿ ಕಣ್ಣು ಮಾಡಿ ರಬ್ಬರ್ ಬುಷ್ ಕೂರಿಸಿ, ತಾನೇ ಸಡಿಲವಾಗದ ನೈಲಾಕ್ ನಟ್ ಹಾಕಿ. ಮೂಲೆಗೆ ಮೂರು ಮೂಲೆಯ ತುಂಡು ಪಟ್ಟಿ ಇಟ್ಟು ವೆಲ್ಡ್ ಮಾಡಿಸಿ. ಅಂತರ ಎಷ್ಟು ಬಂತು?

ಕಟಪಾಡಿ ಒಂಟಿಸೀಟು

ಶಾಕ್‌ಅಬ್ ಬಿಚ್ಚಿ ನೋಡಿದೆ, ಈ ಸಲ ನಿಜವಾಗಿ. ಚಕ್ರ ಮೂರೂವರೆ ಇಂಚು ಮೇಲೆ ಬರುತ್ತದೆ. ನಾಲ್ಕು ಬಿಟ್ಟೆ.

ನಡುವೆ ಆಕಾಶ ಕಾಣುತ್ತದೆ. ಇರಲಿ.

ಪುತ್ತೂರು ಪಲ್ಸರ್

ಒಟ್ಟು ಎಷ್ಟಾಯಿತು ಹೇಳಿ ಮಾರಾಯ್ರೆ, ನಾವು ಬಂದದ್ದೇ ಅದಕ್ಕೆ.

ಕಟಪಾಡಿ ಒಂಟಿಸೀಟು

ಬರೆದಿಟ್ಟಿದ್ದೇನೆ. ಗಾಡಿಯ 16 ಸಾವಿರ, ಆರ್‌ಸಿ ಹೆಸರು ಬದಲಾವಣೆ, ಇನ್ಶೂರೆನ್ಸ್ ಬಿಟ್ಟು.

ಓಡುವುದಕ್ಕೆ ಹಾಕಿದ್ದು: ಹಿಂದಿನ ಟಯರ್ 3200, ಚೈನ್ ಸ್ಪ್ರಾಕೆಟ್ 1400. ಕಾರ್ಬೊರೇಟರ್ ಕ್ಲೀನ್, ಕ್ಲಚ್ ಪ್ಲೇಟ್, ಕೇಬಲ್, ಆಯಿಲ್ ಎಲ್ಲ ಸೇರಿ 4600. ಫೋರ್ಕಿನ ಆಯಿಲ್ ಸೀಲ್, ಬ್ರೇಕ್ ಶೂ, ಡಿಸ್ಕ್ ಪ್ಯಾಡ್ 1900. ಬ್ಯಾಟರಿ 1350. ಇಲ್ಲಿಗೆ 12,450. ಇದರಲ್ಲಿ ಒಂದು ರೂಪಾಯಿಯದ್ದೂ ಹೊರಗೆ ಕಾಣುವುದಿಲ್ಲ.

ಚಂದಕ್ಕೆ ಹಾಕಿದ್ದು: ಸೀಟು 2300. ಮಡ್‌ಗಾರ್ಡ್ ಮೊದಲ ಸಲ 1150, ನನ್ನ ಬುದ್ಧಿಗೇಡಿತನಕ್ಕೆ ಮತ್ತೆ 700. ಹ್ಯಾಂಡಲ್ 850. ಪೇಂಟ್ 5500. ಸಣ್ಣ ಟೈಲ್ ಲೈಟ್, ಇಂಡಿಕೇಟರ್, ವಯರ್ 1100. ಒಟ್ಟು 11,600.

ಎರಡೂ ಸೇರಿ 24,050. ಉಳಿದ 950ರಲ್ಲಿ ಮಲ್ಪೆಯ ಅಣ್ಣನಿಗೆ ಗೋಳಿಬಜೆಯ ಬದಲು ಮೀನೂಟ.

ಗೋಳಿಬಜೆಯ ಲೆಕ್ಕ ಇಟ್ಟಿಲ್ಲ.

ಕುಡ್ಲದ ಕಾರ್ಬೊರೇಟರ್

ಪೇಂಟಿಗೆ 5500 ಜಾಸ್ತಿ ಅಲ್ವಾ? ಸ್ಪ್ರೇ ಡಬ್ಬದಲ್ಲಿ 1500ಕ್ಕೆ ಮುಗಿಯುತ್ತಿತ್ತು.

ಕಟಪಾಡಿ ಒಂಟಿಸೀಟು

ಮೊದಲು ಅದನ್ನೇ ಹುಡುಕಿದೆ. ಗೆಳೆಯನ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಕುವಾಗ ಎರಡು ಹನಿ ಚೆಲ್ಲಿ ಬಣ್ಣ ಕರಗಿ ಇಳಿದದ್ದು ನೋಡಿದ ಮೇಲೆ ಬಿಟ್ಟೆ. ಹಳೆ ಬಣ್ಣ ಪೂರ್ತಿ ತೆಗೆದು, ಪ್ರೈಮರ್ ಹೊಡೆದು, ಮೇಲೆ ಟೂಕೆ (ಹಾರ್ಡ್‌ನರ್ ಬೆರೆಸಿ ಹೊಡೆಯುವ ಪೇಂಟ್) ಮ್ಯಾಟ್ ಹೊಡೆಸಿದೆ. ಪೆಟ್ರೋಲ್ ಬಿದ್ದರೆ ಒರೆಸಿದರಾಯಿತು. ಆರ್‌ಸಿಯಲ್ಲಿ ಬಣ್ಣ ಮೊದಲೇ ಕಪ್ಪು ಎಂದಿತ್ತು, ಅದೊಂದು ಪುಣ್ಯ.

ಆರ್‌ಸಿ ಓದುವವ

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಎಲ್ಲಿ ಕೂರಿಸಿದಿರಿ? ಅದರ ಸ್ನ್ಯಾಪ್ ಲಾಕ್ ಒಮ್ಮೆ ತೆಗೆದರೆ ಮುರಿಯುತ್ತದೆ, ಮತ್ತೆ ಹಾಕಲು ಬರುವುದಿಲ್ಲ.

ಕಟಪಾಡಿ ಒಂಟಿಸೀಟು

ಲಾಕ್ ಮುಟ್ಟಿಲ್ಲ ಸರ್. ಪ್ಲೇಟನ್ನು ಅದರ ಬ್ರಾಕೆಟ್ ಸಮೇತ ಬಿಚ್ಚಿ, ಗಿಡ್ಡ ಮಡ್‌ಗಾರ್ಡಿನ ಹಿಂದೆ ನೇರ ಹಾಕಿದ್ದೇನೆ. ಮೇಲೆ ಲೈಟೂ ಉಂಟು.

ಕಟಪಾಡಿ ಒಂಟಿಸೀಟು (ಜೂನ್)

ಮೇ ಕೊನೆಯ ಒಂದು ಸಂಜೆ ಹೊಸ ಮಡ್‌ಗಾರ್ಡಿನಲ್ಲಿ ಮಳೆಗೆ ಸಿಕ್ಕಿಬಿದ್ದೆ. ಉಡುಪಿಯಿಂದ ಕಟಪಾಡಿಗೆ ಎಷ್ಟು ದೂರ ಮಹಾ? ಮನೆಗೆ ಬಂದು ಶರ್ಟ್ ಬಿಚ್ಚಿದರೆ ಬೆನ್ನಿನ ನಡುವೆ ಸೊಂಟದಿಂದ ಕುತ್ತಿಗೆಯವರೆಗೆ ಕೆಂಪು ಮಣ್ಣಿನ ಪಟ್ಟೆ. ತಂಗಿ ನೋಡಿ, ಅಷ್ಟಮಿಗೆ ಇನ್ನೂ ದಿನ ಉಂಟಲ್ಲ, ಈಗಲೇ ಹುಲಿಪಟ್ಟೆ ಬಳಿದು ಪಿಲಿವೇಷ ಹಾಕಿದ್ದೀಯಾ ಎಂದಳು.

ಮರುದಿನ ಅಪ್ಪ ಜಗಲಿಗೆ ತಟ್ಟಿ ಕಟ್ಟುತ್ತಿದ್ದರು. ಪ್ರತಿ ವರ್ಷ ಮಳೆಗೆ ಮೊದಲು ಕಟ್ಟುವುದು, ಮಳೆ ಹೋದ ಮೇಲೆ ಬಿಚ್ಚುವುದು. ನಾನೂ ಕೆಳಗೆ ಕೂತು ಸ್ಪಾನರ್ ತೆಗೆದೆ. ಗಿಡ್ಡ ಮಡ್‌ಗಾರ್ಡ್ ನಾಲ್ಕು ಬೋಲ್ಟ್, ಎರಡು ಕಪ್ಲರ್. ಸೀಟಿನ ಕೀಲು ಒಂದು, ಸ್ಪ್ರಿಂಗ್ ಎರಡು. ಅಟ್ಟದಿಂದ ಹಳೆ ಮಡ್‌ಗಾರ್ಡ್, ಉದ್ದ ಸೀಟು, ಹಿಡಿಕೆ, ಸೀರೆ ಗಾರ್ಡ್ ಎಲ್ಲ ಇಳಿಯಿತು. ನಲವತ್ತು ನಿಮಿಷ. ಅಪ್ಪನ ತಟ್ಟಿ ಇನ್ನೂ ಅರ್ಧ ಆಗಿತ್ತು ಅಷ್ಟೇ.

ಸೆಪ್ಟೆಂಬರ್‌ನಲ್ಲಿ ಎಫ್‌ಸಿಗೂ ಹೀಗೇ ಹೋಗುತ್ತದೆ. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಕಾಪುವಿಗೆ ಹೋಗಿ ಬಂದೆ. ಗಾಡಿ ಈಗ ಚಂದ ಆಗಿದೆ ಎಂದರು.

ಮಣಿಪಾಲ ಹಿಂದಿನಸೀಟು

ನಮ್ಮ ಮನೆಯವರಿಗೆ ಇದನ್ನು ಓದಿ ಹೇಳಿದೆ. ಅವರು ತಮ್ಮ ಹಳೆ ಸೀಟನ್ನು ಗುಜರಿಗೆ ಹಾಕಿಯಾಗಿದೆಯಂತೆ. ಬೇರೆ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಬೈಕಂಪಾಡಿ ಲೇತ್

ಬಿಚ್ಚಿದ ಗಿಡ್ಡ ಮಡ್‌ಗಾರ್ಡ್ ಈಗ ಎಲ್ಲಿ ಉಂಟು ತಮ್ಮ?

ಕಟಪಾಡಿ ಒಂಟಿಸೀಟು

ಅಟ್ಟದಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ.

ಬೈಕಂಪಾಡಿ ಲೇತ್

ಒಳಬದಿಗೆ, ವೆಲ್ಡ್ ಮಾಡಿದ ಜಾಗಕ್ಕೆ ಗ್ರೀಸ್ ಬಳಿದು ಇಟ್ಟಿದ್ದೀರಲ್ಲ?

ಕಟಪಾಡಿ ಒಂಟಿಸೀಟು

ಇಲ್ಲ ಅಣ್ಣ. ಏಣಿ ತರಲು ಹೋಗುತ್ತಿದ್ದೇನೆ.